ಯೋಹಾನ್ ರಾಯ್ಖ್ಲಿನ್ : ಇಬ್ರಿಯ ಅಕ್ಷರಗಳಿಗೆ ಧ್ವನಿಯನ್ನು ಅರಸಿದ ವಿದ್ವಾಂಸನು

ನಾವೆಲ್ಲರೂ ಚಿಕ್ಕಂದಿನಲ್ಲಿ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕ, ಕಾ, ಕಿ, ಕೀ ಎಂದು ರಾಗವಾಗಿ ಹೇಳಿ ಕಾಗುಣಿತವನ್ನು ಕಲಿತವರೇ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂಬೀ ಚಿಹ್ನೆಗಳು ನಮಗೆ ಎಷ್ಟು ಪರಿಚಿತವಾಗಿವೆಯೆಂದರೆ, ಅವು ಇಲ್ಲದೆ ಹೋಗಿದ್ದರೆ ಓದುವ ಕೆಲಸವು ಎಂಥ ಕಷ್ಟದ್ದಾಗುತ್ತಿತ್ತೆಂದು ನಾವು ಆಲೋಚಿಸುವದೇ ಇಲ್ಲ. ಒಂದು ಕಾಗದದ ಮೇಲೆ ಮಕಾರ ರಕಾರಗಳೆರಡನ್ನು ಮಾತ್ರ ಬರೆದು, ಸ್ವರಚಿಹ್ನೆಗಳನ್ನೆಲ್ಲಾ ಬಿಟ್ಟು, ಇದನ್ನು ಓದಿರೆಂದು ಕೊಟ್ಟರೆ ಏನು ಮಾಡಬೇಕು? ಅದು ಮರವೋ, ಮರಿಯೋ, ಮಾರಿಯೋ, ಮೂರೋ, ಮೊರವೋ, ಮೋರೆಯೋ ಹೇಗೆ ಗೊತ್ತಾಗಬೇಕು? ಹಿಂದುಮುಂದಿನ ಮಾತುಗಳನ್ನು ನೋಡಿ ಊಹಿಸಬೇಕು. ಇಲ್ಲವೆ ಬಲ್ಲವರ ಬಾಯಿಂದ ಕೇಳಿ ತಿಳುಕೊಳ್ಳಬೇಕು.

ನಮ್ಮ ಸತ್ಯವೇದದ ಹಳೆಯ ಒಡಂಬಡಿಕೆಯ ಬಹುಭಾಗವು ಯಾವ ಇಬ್ರಿಯ ಭಾಷೆಯಲ್ಲಿ ಬರೆಯಲ್ಪಟ್ಟಿತೋ ಆ ಭಾಷೆಯ ಲಿಪಿಯು ಇಂಥದೇ ಆಗಿತ್ತು. ಐದು ನೂರು ವರುಷಗಳ ಹಿಂದೆ ಯೂರೋಪಿನ ಕ್ರೈಸ್ತ ಪಂಡಿತರಲ್ಲಿ ಆ ಲಿಪಿಯನ್ನು ಓದಬಲ್ಲವರು ಬೆರಳಲ್ಲಿ ಎಣಿಸುವಷ್ಟು ಮಂದಿ ಮಾತ್ರ ಇದ್ದರು. ಅದರ ಬಾಗಿಲನ್ನು ಇತರರಿಗೂ ತೆರೆದುಕೊಟ್ಟವರಲ್ಲಿ ಮುಖ್ಯನಾದ ಯೋಹಾನ್ ರಾಯ್ಖ್ಲಿನ್ ಎಂಬಾತನ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳಲಿಚ್ಛಿಸುತ್ತೇವೆ. ಈತನು ಪ್ರಸಿದ್ಧನಾದ ನ್ಯಾಯವಾದಿ. ರಾಜಸಭೆಗಳಲ್ಲಿ ಮನ್ನಣೆ ಪಡೆದವನು. ಆದರೂ ನಡು ವಯಸ್ಸಿನಲ್ಲಿ ಚಿಕ್ಕ ಮಗುವಿನಂತೆ ಒಬ್ಬ ಉಪಾಧ್ಯಾಯನ ಮುಂದೆ ಕುಳಿತು ಅಕ್ಷರಾಭ್ಯಾಸಮಾಡಿದನು. ಹಾಗೆ ಕಲಿಸಿದವರ ಋಣವನ್ನು ಮುಂದೆ ತನ್ನ ನೆಮ್ಮದಿಯನ್ನೂ ಧನವನ್ನೂ ಕಳಕೊಂಡು ತೀರಿಸಿದನು.

ಆ ಲಿಪಿಯ ಸಂಗತಿಯನ್ನು ಮೊದಲು ಸ್ವಲ್ಪ ವಿವರಿಸದೆ ಹೋದರೆ ಈತನ ಪ್ರಯಾಸವು ವಾಚಕರಿಗೆ ಅರ್ಥವಾಗಲಾರದು. ಇಬ್ರಿಯ ಅಕ್ಷರಗಳು ಇಪ್ಪತ್ತೆರಡು. ಬಲಗಡೆಯಿಂದ ಎಡಗಡೆಗೆ ಬರೆಯಲ್ಪಡುತ್ತವೆ. ಅವೆಲ್ಲವೂ ವ್ಯಂಜನಗಳೇ. ದೀರ್ಘಸ್ವರವನ್ನು ಸೂಚಿಸುವದಕ್ಕೆ ಅಲ್ಲಲ್ಲಿ ವಾವ್, ಯೋದ್ ಮೊದಲಾದ ಕೆಲವು ಅಕ್ಷರಗಳನ್ನು ಸಹಾಯಕ್ಕೆ ಇಡುತ್ತಿದ್ದರೂ ಉಳಿದ ಸ್ವರಗಳನ್ನು ಓದುವವನೇ ತನ್ನ ನೆನಪಿನಿಂದ ಕೂಡಿಸಿಕೊಳ್ಳಬೇಕಾಗಿತ್ತು. ಉದಾಹರಣೆಗಾಗಿ ಸ, ಫ, ರ ಎಂಬ ಮೂರು ವ್ಯಂಜನಗಳನ್ನು ಸೇಫೆರ್ ಎಂದು ಓದಿದರೆ ಪುಸ್ತಕವೆಂದಾಗುವದು. ಸೋಫೇರ್ ಎಂದು ಓದಿದರೆ ಲಿಪಿಕಾರನೆಂದಾಗುವದು. ಸಾಫಾರ್ ಎಂದು ಓದಿದರೆ ಎಣಿಸಿದನು ಎಂದಾಗುವದು.

ಇದರಿಂದ ಎಂಥ ವ್ಯತ್ಯಾಸವು ಹುಟ್ಟಬಹುದೆಂಬದಕ್ಕೆ ಸತ್ಯವೇದದಲ್ಲಿಯೇ ಒಂದು ಸಾಕ್ಷಿಯುಂಟು. ಯಾಕೋಬನು ತನ್ನ ಅಂತ್ಯಕಾಲದಲ್ಲಿ ಯೋಸೇಫನಿಂದ ಪ್ರಮಾಣವನ್ನು ತೆಗೆದುಕೊಂಡ ಬಳಿಕ ಬಾಗಿದ ಸಂಗತಿಯನ್ನು ಆದಿಕಾಂಡದ ೪೭ನೆಯ ಅಧ್ಯಾಯದ ಕೊನೆಯಲ್ಲಿ ಓದುವಾಗ ಹಾಸಿಗೆಯ ಮಾತು ಬರುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ೧೧ನೆಯ ಅಧ್ಯಾಯದಲ್ಲಿ ಅದೇ ಯಾಕೋಬನ ಬಗ್ಗೆ ಓದುವಾಗ ಕೋಲಿನ ಮಾತು ಬರುತ್ತದೆ. ಇದೇಕೆಂದು ಅನೇಕ ವಿದ್ಯಾರ್ಥಿನಿಯರು ಕೇಳಿರಬಹುದು. ಇಬ್ರಿಯದಲ್ಲಿ ಮಿಟ್ಟಾ ಎಂದರೆ ಹಾಸಿಗೆ, ಮಟ್ಟೆ ಎಂದರೆ ಕೋಲು. ವ್ಯಂಜನಗಳು ಎರಡಕ್ಕೂ ಒಂದೇ. ಪೂರ್ವಕಾಲದಲ್ಲಿ ಗ್ರೀಕ್ ಭಾಷೆಗೆ ತರ್ಜುಮೆ ಮಾಡಿದವರು ಕೋಲೆಂದು ಓದಿದರು; ಯೆಹೂದ್ಯರ ಪಾಠಪರಂಪರೆಯು ಹಾಸಿಗೆಯೆಂದು ಓದಿತು. ಪತ್ರಿಕೆಯು ಆ ಗ್ರೀಕ್ ಪಾಠವನ್ನು ಅನುಸರಿಸಿತು. ಒಂದೆರಡು ಸ್ವರಗಳ ಭೇದದಿಂದ ಹಾಸಿಗೆಯು ಕೋಲಾಯಿತು.

ಜನರ ಆಡುಮಾತಿನಲ್ಲಿ ಇಬ್ರಿಯವು ಮರೆಯಾಗುತ್ತಾ ಬಂದಂತೆ, ವೇದಪಾಠದ ಸರಿಯಾದ ಉಚ್ಚಾರವೂ ಎಲ್ಲಿ ಕೆಟ್ಟುಹೋಗುವದೋ ಎಂಬ ಭಯವು ಯೆಹೂದ್ಯ ಪಂಡಿತರಿಗೆ ಉಂಟಾಯಿತು. ಆದಕಾರಣ ಕ್ರಿ. ಶ. ಏಳನೆಯ ಶತಮಾನದಿಂದ ಹತ್ತನೆಯ ಶತಮಾನದವರೆಗೆ ಮಸೋರೇತರೆಂಬ ವಿದ್ವಾಂಸರು, ಮುಖ್ಯವಾಗಿ ಗಲಿಲಾಯ ಸಮುದ್ರದ ತೀರದ ತಿಬೇರಿಯದಲ್ಲಿ, ಆ ಪವಿತ್ರ ಅಕ್ಷರಗಳಲ್ಲಿ ಒಂದನ್ನೂ ಅಲುಗಿಸದೆ, ಅವುಗಳ ಕೆಳಗೆ, ಮೇಲೆ, ಒಳಗೆ ಸಣ್ಣ ಸಣ್ಣ ಚುಕ್ಕೆಗಳನ್ನೂ ಗೀಟುಗಳನ್ನೂ ಇಟ್ಟು ಸ್ವರಗಳನ್ನು ತೋರಿಸಿದರು. ಕೆಳಗೆ ಒಂದು ಅಡ್ಡಗೀಟಿದ್ದರೆ ಅಕಾರ. ಒಂದೇ ಚುಕ್ಕೆಯಿದ್ದರೆ ಇಕಾರ. ಎರಡು ಚುಕ್ಕೆಗಳು ಪಕ್ಕಪಕ್ಕದಲ್ಲಿದ್ದರೆ ಏಕಾರ. ಮೂರು ಚುಕ್ಕೆಗಳು ತ್ರಿಕೋನವಾಗಿದ್ದರೆ ಎಕಾರ. ಮೇಲೆ ಚುಕ್ಕೆಯಿದ್ದರೆ ಓಕಾರ. ಎರಡು ಚುಕ್ಕೆಗಳು ಒಂದರ ಕೆಳಗೊಂದು ನಿಂತಿದ್ದರೆ ಅದಕ್ಕೆ ಶೆವಾ ಎಂದು ಹೆಸರು. ಅದು ಕೆಲವು ಸ್ಥಳಗಳಲ್ಲಿ ನಮ್ಮ ಅರ್ಧಾಕ್ಷರದಂತೆ ಸ್ವರವಿಲ್ಲದ್ದು, ಕೆಲವು ಸ್ಥಳಗಳಲ್ಲಿ ಅತಿ ಹ್ರಸ್ವವಾದ ಸ್ವರವುಳ್ಳದ್ದು. ಅಕ್ಷರದ ಹೊಟ್ಟೆಯೊಳಗಿನ ಚುಕ್ಕೆಗೆ ದಾಗೇಶ್ ಎನ್ನುತ್ತಾರೆ. ಅದಿದ್ದರೆ ಕೆಲವು ಅಕ್ಷರಗಳು ಗಟ್ಟಿಯಾಗಿ ಪಕಾರ, ಬಕಾರಗಳಾಗುವವು. ಇಲ್ಲದಿದ್ದರೆ ಮೆತ್ತಗೆ ಫಕಾರ, ವಕಾರಗಳಂತೆ ನುಡಿಯಲ್ಪಡುವವು. ಕೆಲವು ಕಡೆ ಅದೇ ಚುಕ್ಕೆಯು ನಮ್ಮ ಒತ್ತಕ್ಷರದಂತೆ ವ್ಯಂಜನವನ್ನು ಇಮ್ಮಡಿಸುವದು. ಈ ವಿಧವಾಗಿ ಚಿಹ್ನೆಗಳಿಂದ ಕೂಡಿದ ಒಂದು ಪೂರ್ಣವಾದ ಪ್ರತಿಯು ಕ್ರಿ. ಶ. ೧೦೦೮ರ ಸುಮಾರಿಗೆ ಬರೆಯಲ್ಪಟ್ಟದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿದೆ. ಸಭಾಮಂದಿರಗಳಲ್ಲಿ ಓದುವ ಸುರುಳಿಗಳಲ್ಲಿಯಾದರೋ ಇಂದಿಗೂ ಚುಕ್ಕೆಗಳಿರುವದಿಲ್ಲ; ಓದುವವನು ಮುಂಚಿತವಾಗಿಯೇ ಪಾಠವನ್ನು ಕಲಿತು ಬರಬೇಕು.

ಇನ್ನು ನಮ್ಮ ಕಥಾನಾಯಕನ ಸಂಗತಿಗೆ ಬರುವೆವು. ರಾಯ್ಖ್ಲಿನನು ೧೪೫೫ನೆಯ ಇಸವಿಯಲ್ಲಿ ಜರ್ಮನಿಯ ಕಪ್ಪು ಅಡವಿಯ ಅಂಚಿನಲ್ಲಿರುವ ಫೋರ್ಟ್ಸ್‌ಹೈಮ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ಅಲ್ಲಿನ ದೊಮಿನಿಕ ಸಂನ್ಯಾಸಿಗಳ ಮಠದಲ್ಲಿ ಒಬ್ಬ ಅಧಿಕಾರಿಯಾಗಿದ್ದನು. ಹುಡುಗನು ಊರ ಲ್ಯಾಟಿನ್ ಪಾಠಶಾಲೆಯಲ್ಲಿ ಓದಿದನು. ಆತನಿಗೆ ಇಂಪಾದ ಕಂಠವಿತ್ತು. ಅದರ ನಿಮಿತ್ತ ಆ ಸೀಮೆಯ ಪ್ರಭುವಿನ ಆಸ್ಥಾನದಲ್ಲಿ ಆಶ್ರಯ ದೊರೆತು, ೧೪೭೩ರಲ್ಲಿ ರಾಜಕುಮಾರನೊಬ್ಬನ ಸಂಗಡಿಗನಾಗಿ ಪಾರಿಸಿಗೆ ಕಳುಹಿಸಲ್ಪಟ್ಟನು. ಅಲ್ಲಿ ಗ್ರೀಕ್ ಭಾಷೆಯ ರುಚಿ ಹತ್ತಿತು. ಮರುವರುಷ ಬಾಸೆಲಿಗೆ ಹೋಗಿ, ೧೪೭೭ರಲ್ಲಿ ಎಂ. ಎ. ಪದವಿಯನ್ನು ಪಡೆದನು. ಅಲ್ಲಿರುವಾಗಲೇ ಒಂದು ಲ್ಯಾಟಿನ್ ನಿಘಂಟನ್ನು ರಚಿಸಿದನು. ಗ್ರೀಸ್ ದೇಶದವನೇ ಆದ ಉಪಾಧ್ಯಾಯನಿಂದ ಗ್ರೀಕ್ ಕಲಿತನು. ಬಳಿಕ ಫ್ರಾನ್ಸ್ ದೇಶದ ಓರ್ಲಿಯಾನ್ಸ್, ಪ್ವಾತಿಯೇ ಎಂಬ ಪಟ್ಟಣಗಳಲ್ಲಿ ನ್ಯಾಯಶಾಸ್ತ್ರವನ್ನು ಮುಗಿಸಿದನು.

೧೪೮೨ರಲ್ಲಿ ವೂರ್ಟೆಂಬರ್ಗಿನ ಪ್ರಭು ಎಬರ್‌ಹಾರ್ಡನು ರೋಮಿಗೆ ಪ್ರಯಾಣಮಾಡುವಾಗ ರಾಯ್ಖ್ಲಿನನನ್ನು ದುಭಾಷಿಯಾಗಿ ಕರೆದುಕೊಂಡು ಹೋದನು. ರೋಮಿನಲ್ಲಿ ಆರ್ಗಿರೋಪುಲೋಸ್ ಎಂಬ ಗ್ರೀಕ್ ಪಂಡಿತನು ಈ ತರುಣನ ಓದನ್ನೂ ಉಚ್ಚಾರವನ್ನೂ ಕೇಳಿ, ತನ್ನ ನಾಡಿನ ವಿದ್ಯೆಯು ಆಲ್ಪ್ಸ್ ಪರ್ವತಗಳನ್ನು ದಾಟಿ ಹೋಯಿತಲ್ಲಾ ಎಂದು ಬೆರಗಾದನೆಂಬ ಕಥೆಯುಂಟು. ಗ್ರೀಕ್ ಭಾಷೆಯನ್ನು ಗ್ರೀಕರೇ ನುಡಿಯುವಂತೆ ಓದಬೇಕೆಂಬ ಪದ್ಧತಿಗೆ ಇಂದಿಗೂ ರಾಯ್ಖ್ಲಿನನ ಹೆಸರೇ ಇದೆ. ಭಾಷೆಯ ಧ್ವನಿಯನ್ನು ಪುಸ್ತಕದಿಂದ ಊಹಿಸದೆ, ಅದನ್ನು ಆಡುವವರ ಬಾಯಿಂದಲೇ ತಕ್ಕೊಳ್ಳಬೇಕೆಂಬದು ಈತನ ರೂಢಿಯಾಗಿತ್ತು.

ಸತ್ಯವೇದವನ್ನು ಲ್ಯಾಟಿನ್ ತರ್ಜುಮೆಯಲ್ಲಿ ಮಾತ್ರವೇ ಓದುವದರಿಂದ ರಾಯ್ಖ್ಲಿನನಿಗೆ ತೃಪ್ತಿಯಿರಲಿಲ್ಲ. ಹೊಳೆಯ ನೀರನ್ನು ಕುಡಿಯುವವನಿಗೆ ಊಟೆಯನ್ನು ಕಾಣಬೇಕೆಂಬ ಆಶೆಯು ಹುಟ್ಟುವದು ಸಹಜವಷ್ಟೆ. ಆದರೆ ಇಬ್ರಿಯವನ್ನು ಕಲಿಸತಕ್ಕವರು ಯಾರು? ಕ್ರೈಸ್ತ ವಿದ್ಯಾಲಯಗಳಲ್ಲಿ ಅದಕ್ಕೆ ಸರಿಯಾದ ಉಪಾಧ್ಯಾಯರಿರಲಿಲ್ಲ. ಲ್ಯಾಟಿನ್ ಭಾಷೆಯಲ್ಲಿ ತಕ್ಕ ವ್ಯಾಕರಣವಾಗಲಿ ಕೋಶವಾಗಲಿ ಇರಲಿಲ್ಲ. ಬಲ್ಲವರು ಯೆಹೂದ್ಯರು. ಅವರಾದರೋ ಅನೇಕ ಪಟ್ಟಣಗಳಿಂದ ಹೊರಗೆ ಹಾಕಲ್ಪಟ್ಟವರು. ಇರಗೊಟ್ಟ ಕಡೆಯಲ್ಲಿಯೂ ತಿರಸ್ಕಾರಕ್ಕೆ ಗುರಿಯಾದವರು. ಅವರ ಮುಂದೆ ಶಿಷ್ಯನಾಗಿ ಕೂರುವದು ಆ ಕಾಲದ ಕ್ರೈಸ್ತ ಗೃಹಸ್ಥನಿಗೆ ಗೌರವದ ವಿಷಯವಾಗಿರಲಿಲ್ಲ.

೧೪೯೨ರಲ್ಲಿ ಎಬರ್‌ಹಾರ್ಡನ ಕಾರ್ಯಾರ್ಥವಾಗಿ ರಾಯ್ಖ್ಲಿನನು ಲಿಂಟ್ಸ್ ಪಟ್ಟಣದಲ್ಲಿದ್ದ ಚಕ್ರವರ್ತಿ ಮೂರನೆಯ ಫ್ರೆಡೆರಿಕನ ಬಳಿಗೆ ಹೋದನು. ಚಕ್ರವರ್ತಿಯ ವೈದ್ಯನಾದ ಯಾಕೋಬ್ ಬೆನ್ ಯೆಹೀಯೇಲ್ ಲೋಆನ್ಸ್ ಎಂಬಾತನು ಯೆಹೂದ್ಯನು, ದೊಡ್ಡ ವಿದ್ವಾಂಸನು. ಮೂವತ್ತೇಳು ವರುಷದ ರಾಯ್ಖ್ಲಿನನು ಆತನಲ್ಲಿ ಪಾಠಕ್ಕೆ ಕುಳಿತನು. ಚಕ್ರವರ್ತಿಯು ಈತನಿಗೆ ಕುಲೀನ ಪದವಿಯನ್ನು ಕೊಟ್ಟದ್ದಲ್ಲದೆ ಬೆಲೆಬಾಳುವ ಒಂದು ಇಬ್ರಿಯ ಸತ್ಯವೇದದ ಹಸ್ತಪ್ರತಿಯನ್ನೂ ಬಹುಮಾನವಾಗಿ ಕೊಟ್ಟನು. ಆ ಪದವಿಗಿಂತಲೂ ಈ ಪುಸ್ತಕವೇ ಈತನಿಗೆ ಹೆಚ್ಚು ಕೆಲಸಕ್ಕೆ ಬಂತೆಂದು ನಾವು ಹೇಳಬಹುದು. ಆ ಗ್ರಂಥವು ಈಗ ಕಾರ್ಲ್ಸ್‌ರೂಹೆಯ ಪುಸ್ತಕಭಂಡಾರದಲ್ಲಿದೆ.

ಗುರುಮುಖವಿಲ್ಲದೆ ಈ ವಿದ್ಯೆಯು ಏಕೆ ಸಾಧ್ಯವಲ್ಲವೆಂಬದನ್ನು ಇಲ್ಲಿ ತಿಳಿಸಬೇಕು. ಮೊದಲನೆಯದಾಗಿ, ಇಬ್ರಿಯದಲ್ಲಿ ಗಂಟಲಿನಿಂದ ಹುಟ್ಟುವ ಅಕ್ಷರಗಳು ನಾಲ್ಕುಂಟು. ಅವುಗಳಲ್ಲಿ ಆಯಿನ್ ಎಂಬದರ ಪೂರ್ವಿಕ ಧ್ವನಿಗೆ ಜರ್ಮನ್ ಭಾಷೆಯಲ್ಲಿಯೂ ಲ್ಯಾಟಿನಿನಲ್ಲಿಯೂ ಸಮಾನವಾದ ಅಕ್ಷರವೇ ಇಲ್ಲ. ಎಷ್ಟು ಬರೆದರೂ ಅದು ಕಿವಿಗೆ ತಿಳಿಯದು. ಎರಡನೆಯದಾಗಿ, ಒಂದೇ ಚಿಹ್ನೆಗೆ ಎರಡು ಓದುಗಳುಂಟು. ಕಾಮೆಟ್ಸ್ ಎಂಬ ಸ್ವರವು ಸಾಧಾರಣವಾಗಿ ಆಕಾರ. ಕೆಲವು ಪದಗಳಲ್ಲಿ ಒಕಾರ. ಶೆವಾ ಎಲ್ಲಿ ನುಡಿಯಲ್ಪಡುತ್ತದೆ, ಎಲ್ಲಿ ಮೌನವಾಗಿರುತ್ತದೆ ಎಂಬದೂ ಹೀಗೆಯೇ ಕಲಿತು ತಿಳಿಯತಕ್ಕದ್ದು. ಮೂರನೆಯದಾಗಿ, ಯೆಹೂದ್ಯರಲ್ಲಿಯೇ ದೇಶಭೇದದಿಂದ ಉಚ್ಚಾರಭೇದವಿತ್ತು. ಸ್ಪೇನಿನ ಯೆಹೂದ್ಯರು ಕಾಮೆಟ್ಸನ್ನು ಆಕಾರವಾಗಿ ನುಡಿದರೆ ಜರ್ಮನಿಯ ಯೆಹೂದ್ಯರು ಅದನ್ನು ಬಹುಮಟ್ಟಿಗೆ ಓಕಾರವಾಗಿ ನುಡಿಯುತ್ತಾ ಬಂದರು. ಕ್ರೈಸ್ತ ಪಂಡಿತರಲ್ಲಿ ಮೊದಲನೆಯದೇ ರೂಢಿಗೆ ಬಂತು. ನಮ್ಮ ಕನ್ನಡ ಸತ್ಯವೇದದಲ್ಲಿ ಆದಾಮನೆಂದು ಓದುವ ಹೆಸರಿನಲ್ಲಿ ಎರಡು ಕಾಮೆಟ್ಸುಗಳಿವೆ. ಎರಡೂ ಆಕಾರವಾಗಿಯೇ ನಮಗೆ ಬಂದಿವೆ.

ನಾಲ್ಕನೆಯದು ಎಲ್ಲಕ್ಕಿಂತಲೂ ವಿಚಿತ್ರವಾದದ್ದು. ಕೆಲವೆಡೆ ಬರೆದದ್ದು ಒಂದು, ಓದುವದು ಮತ್ತೊಂದು. ದೇವರ ಪರಿಶುದ್ಧ ನಾಮವನ್ನು ಯೆಹೂದ್ಯರು ಭಯಭಕ್ತಿಯ ಕಾರಣದಿಂದ ಉಚ್ಚರಿಸುವದಿಲ್ಲ. ಆ ನಾಲ್ಕು ವ್ಯಂಜನಗಳು ಬಂದಾಗ ಕರ್ತನು ಎಂಬರ್ಥದ ಅದೋನಾಯ್ ಎಂಬ ಶಬ್ದವನ್ನು ಓದುತ್ತಾರೆ. ಅದನ್ನು ನೆನಪಿಗೆ ತರುವದಕ್ಕಾಗಿ ಆ ನಾಲ್ಕು ವ್ಯಂಜನಗಳಿಗೆ ಅದೋನಾಯ್ ಶಬ್ದದ ಸ್ವರಗಳನ್ನು ಇಡುವ ವಾಡಿಕೆಯಾಯಿತು. ಈ ಮರ್ಮವನ್ನರಿಯದ ಕ್ರೈಸ್ತ ಓದುಗರು ಆ ವ್ಯಂಜನಗಳನ್ನೂ ಈ ಸ್ವರಗಳನ್ನೂ ಕೂಡಿಸಿ ಓದಿದ್ದರಿಂದ ಯೆಹೋವ ಎಂಬ ರೂಪವು ಹುಟ್ಟಿತು. ನಾವು ಬಾಲ್ಯದಿಂದ ಭಕ್ತಿಯಿಂದ ಉಚ್ಚರಿಸುತ್ತಾ ಬಂದ ಆ ಹೆಸರಿನ ರೂಪದಲ್ಲಿ ಸ್ವರಚಿಹ್ನೆಗಳ ಈ ಚರಿತ್ರೆಯೆಲ್ಲವೂ ಅಡಗಿದೆಯೆಂಬದು ಗಮನಿಸತಕ್ಕ ಸಂಗತಿಯಲ್ಲವೇ?

ಲಿಂಟ್ಸಿನ ಪಾಠಗಳು ಹೆಚ್ಚು ಕಾಲ ನಡೆಯಲಿಲ್ಲ. ೧೪೯೬ರಲ್ಲಿ ಎಬರ್‌ಹಾರ್ಡನು ತೀರಿಹೋದನು. ಹೊಸ ಪ್ರಭುವಿನ ಸುತ್ತಲಿದ್ದವರು ರಾಯ್ಖ್ಲಿನನಿಗೆ ಹಗೆಗಳಾದ್ದರಿಂದ ಈತನು ಸ್ಟುಟ್‌ಗಾರ್ಟನ್ನು ಬಿಟ್ಟು ಹೈಡೆಲ್‌ಬರ್ಗಿಗೆ ಹೋಗಬೇಕಾಯಿತು. ೧೪೯೮ರಲ್ಲಿ ಬೇರೊಬ್ಬ ಪ್ರಭುವಿನ ನ್ಯಾಯದ ಕೆಲಸದ ನಿಮಿತ್ತ ರೋಮಿಗೆ ಹೋದಾಗ ಓಬದ್ಯ ಸ್ಫೋರ್ನೋ ಎಂಬ ಯೆಹೂದ್ಯ ಪಂಡಿತನಲ್ಲಿ ಪುನಃ ಪಾಠಕ್ಕೆ ನಿಂತನು. ಒಂದೊಂದು ತಾಸಿನ ಪಾಠಕ್ಕೆ ಒಂದೊಂದು ಚಿನ್ನದ ನಾಣ್ಯವನ್ನು ಕೊಟ್ಟನೆಂದು ಹೇಳುತ್ತಾರೆ. ಇಬ್ರಿಯ ಪುಸ್ತಕಗಳನ್ನೂ ಕೊಂಡು ತಂದನು. ಹಿಂದಿನ ಗುರುವನ್ನು ಮರೆಯಲಿಲ್ಲ. ೧೫೦೦ರಲ್ಲಿ ಲೋಆನ್ಸನಿಗೆ ಇಬ್ರಿಯ ಭಾಷೆಯಲ್ಲಿಯೇ ಪತ್ರವನ್ನು ಬರೆದು, ತಾನು ಶಿಷ್ಯನೆಂಬ ವಿನಯದಿಂದ ಗೌರವವನ್ನು ಸಲ್ಲಿಸಿದನು.

ಅದೇ ಕಾಲದಲ್ಲಿ ಗುರುವಿಲ್ಲದೆ ಇದೇ ಭಾಷೆಯನ್ನು ಕಲಿಯಲು ಹೆಣಗುತ್ತಿದ್ದ ಬಡ ಸಂನ್ಯಾಸಿಯೊಬ್ಬನಿದ್ದನು. ಆತನ ಹೆಸರು ಕೊನ್ರಾಡ್ ಪೆಲ್ಲಿಕಾನ್. ಇಬ್ರಿಯ ಪ್ರವಾದಿಗಳ ಗ್ರಂಥದ ಒಂದು ಹಸ್ತಪ್ರತಿಯು ಆತನ ಕೈಗೆ ಬಂದಿತ್ತು. ಲ್ಯಾಟಿನ್ ತರ್ಜುಮೆಯನ್ನು ಪಕ್ಕದಲ್ಲಿಟ್ಟುಕೊಂಡು, ಹೆಸರುಗಳನ್ನು ಹೋಲಿಸಿ, ಒಂದೊಂದು ಶಬ್ದವನ್ನಾಗಿ ಬಿಡಿಸುತ್ತಾ ತಾನೇ ಒಂದು ಕೋಶವನ್ನು ಕಟ್ಟುತ್ತಿದ್ದನು. ೧೫೦೦ರಲ್ಲಿ ಟ್ಯೂಬಿಂಗೆನಿನಲ್ಲಿ ರಾಯ್ಖ್ಲಿನನನ್ನು ಕಂಡು ತನ್ನ ಸಂದೇಹಗಳನ್ನು ಕೇಳಿದಾಗ, ಇಬ್ರಿಯ ಕ್ರಿಯಾಪದದ ಮೂಲರೂಪವು ಭೂತಕಾಲದ ಪ್ರಥಮ ಪುರುಷದ ಏಕವಚನದಲ್ಲಿರುವದೆಂಬ ಒಂದು ಮಾತನ್ನು ಈತನು ತಿಳಿಸಿದನು. ಅದುವರೆಗೆ ಮುಚ್ಚಿದ್ದ ದಾರಿಯು ಅದರಿಂದ ತೆರೆಯಿತು. ಪೆಲ್ಲಿಕಾನನು ಬರೆದ ಚಿಕ್ಕ ವ್ಯಾಕರಣವು ೧೫೦೪ರಲ್ಲಿ ಅಚ್ಚಾಯಿತು; ಮುಂದೆ ಆತನು ಬಾಸೆಲಿನಲ್ಲಿಯೂ ಜ್ಯೂರಿಕಿನಲ್ಲಿಯೂ ಪ್ರಖ್ಯಾತ ಉಪಾಧ್ಯಾಯನಾದನು. ಪೆಲ್ಲಿಕಾನನಂಥ ವಿದ್ಯಾರ್ಥಿಗಳು ಇನ್ನೂ ಎಷ್ಟೋ ಮಂದಿ ಇದ್ದರು. ಯೆಹೂದ್ಯ ಗುರುವನ್ನು ಪಡೆಯುವ ಭಾಗ್ಯವಾಗಲಿ ಚಿನ್ನದ ನಾಣ್ಯಗಳಾಗಲಿ ಅವರಿಗಿರಲಿಲ್ಲ.

ಅಂಥವರಿಗಾಗಿಯೇ ರಾಯ್ಖ್ಲಿನನು ತನ್ನ ಮಹಾಗ್ರಂಥವನ್ನು ಬರೆದನು. ಇಬ್ರಿಯ ಭಾಷೆಯ ಮೂಲಪಾಠಗಳೆಂಬರ್ಥದ ಲ್ಯಾಟಿನ್ ಹೆಸರುಳ್ಳ ಆ ಪುಸ್ತಕವು ೧೫೦೬ರಲ್ಲಿ ಆತನ ಹುಟ್ಟೂರಾದ ಫೋರ್ಟ್ಸ್‌ಹೈಮಿನಲ್ಲಿ ತೋಮಸ್ ಅನ್ಸೆಲ್ಮನ ಮುದ್ರಣಾಲಯದಲ್ಲಿ ಅಚ್ಚಾಯಿತು. ತನ್ನ ತಮ್ಮನಾದ ದಿಯೊನೀಸಿಯನಿಗೆ ಅದನ್ನು ಅರ್ಪಿಸಿದನು. ಅದನ್ನು ಲ್ಯಾಟಿನ್ ಪುಸ್ತಕದಂತೆ ತೆರೆದವನಿಗೆ ಕೊನೆಯ ಪುಟವೇ ಮೊದಲು ಕಾಣುವದು. ಯಾಕಂದರೆ ಇಬ್ರಿಯ ಗ್ರಂಥಗಳಂತೆ ಅದನ್ನು ಬಲಗಡೆಯಿಂದ ತೆರೆಯಬೇಕು. ಮೊದಲು ಅಕ್ಷರಮಾಲೆ, ಅಕ್ಷರಗಳ ಧ್ವನಿ, ಸ್ವರಚಿಹ್ನೆಗಳು, ಅಕ್ಷರ ಕೂಡಿಸಿ ಓದುವ ಕ್ರಮ, ಬಳಿಕ ವಿಸ್ತಾರವಾದ ಶಬ್ದಕೋಶ, ಕೊನೆಗೆ ವ್ಯಾಕರಣ. ಪ್ರಾಯದ ಪಂಡಿತರನ್ನು ನಮ್ಮ ಮೊದಲನೆಯ ತರಗತಿಯ ಮಕ್ಕಳಂತೆ ಅಕ್ಷರದಿಂದಲೇ ಪ್ರಾರಂಭಿಸುವಂತೆ ಅದು ಮಾಡಿತು.

ಈ ಗ್ರಂಥಕ್ಕೆ ಮುಖ್ಯ ಆಧಾರವು ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ನಾರ್ಬೋನಿನಲ್ಲಿದ್ದ ದಾವೀದ ಕಿಮ್ಹಿ ಎಂಬ ಯೆಹೂದ್ಯ ವೈಯಾಕರಣನ ಕೃತಿಗಳು. ಈ ಕಿಮ್ಹಿ ಮನೆತನದವರು ಇಬ್ರಿಯ ಸ್ವರಗಳನ್ನು ಐದು ದೀರ್ಘ, ಐದು ಹ್ರಸ್ವ ಎಂದು ಹತ್ತಾಗಿ ವಿಂಗಡಿಸಿದ್ದರು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಅ ಆ, ಇ ಈ, ಉ ಊ, ಎ ಏ, ಒ ಓ ಎಂಬ ಹತ್ತು ಸ್ವರಗಳು ನಮ್ಮ ವರ್ಣಮಾಲೆಯಲ್ಲಿಯೂ ಇವೆಯಷ್ಟೆ. ಲ್ಯಾಟಿನ್ ಲಿಪಿಯಲ್ಲಿ ಈ ಹತ್ತಕ್ಕೆ ಬೇರೆಬೇರೆ ಅಕ್ಷರಗಳಿಲ್ಲ. ಆದುದರಿಂದ ನಮಗೆ ಸುಲಭವಾಗಿ ತೋರುವ ಈ ಭೇದವನ್ನು ಜರ್ಮನ್ ವಿದ್ಯಾರ್ಥಿಗಳಿಗೆ ತಿಳಿಸುವದಕ್ಕೆ ಈತನು ಎಷ್ಟು ಶ್ರಮಪಟ್ಟಿರಬೇಕು!

ಪುಸ್ತಕವು ಬೇಗ ಮಾರಾಟವಾಗಲಿಲ್ಲ. ನೂರಾರು ಪ್ರತಿಗಳು ಉಳಿದುಹೋಗಿ, ಬಾಸೆಲಿನ ಮುದ್ರಕನಾದ ಅಮರ್‌ಬಾಖನ ಕೈಗೆ ಹೋದವು. ಆದಾಗ್ಯೂ ರಾಯ್ಖ್ಲಿನನು ಧೈರ್ಯಗುಂದದೆ ೧೫೧೨ರಲ್ಲಿ ಪಶ್ಚಾತ್ತಾಪದ ಏಳು ಕೀರ್ತನೆಗಳ ಇಬ್ರಿಯ ಮೂಲವನ್ನು, ಶಬ್ದಕ್ಕೆ ಶಬ್ದವಾದ ಅರ್ಥದೊಂದಿಗೆ, ಹೊಸಬರ ಓದಿಗಾಗಿ ಅಚ್ಚುಮಾಡಿಸಿದನು. ಅಷ್ಟರಲ್ಲಿಯೇ ಈತನ ಜೀವನದ ದೊಡ್ಡ ಶೋಧನೆಯು ಆರಂಭವಾಗಿತ್ತು.

ಯೆಹೂದ್ಯ ಮತವನ್ನು ಬಿಟ್ಟು ಕ್ರೈಸ್ತನಾದ ಯೋಹಾನ್ ಫೆಫರ್‌ಕಾರ್ನ್ ಎಂಬವನು, ಯೆಹೂದ್ಯರ ಪುಸ್ತಕಗಳನ್ನೆಲ್ಲಾ ಕಿತ್ತುಕೊಂಡರೆ ಅವರು ತಮ್ಮ ಮತವನ್ನು ಬಿಡುವರೆಂದು ವಾದಿಸಿ, ೧೫೦೯ರಲ್ಲಿ ಚಕ್ರವರ್ತಿ ಮಾಕ್ಸಿಮಿಲಿಯನನಿಂದ ಅಪ್ಪಣೆಯನ್ನು ಪಡೆದನು. ಫ್ರಾಂಕ್‌ಫರ್ಟಿನ ಸಭಾಮಂದಿರದಿಂದ ಪುಸ್ತಕಗಳು ಒಯ್ಯಲ್ಪಟ್ಟವು. ಯೆಹೂದ್ಯರು ಮೊರೆಯಿಟ್ಟ ಮೇಲೆ ೧೫೧೦ರಲ್ಲಿ ಅವು ಹಿಂದಕ್ಕೆ ಕೊಡಲ್ಪಟ್ಟರೂ ಪ್ರಶ್ನೆಯು ತೀರಲಿಲ್ಲ. ಚಕ್ರವರ್ತಿಯು ನಾಲ್ಕು ವಿಶ್ವವಿದ್ಯಾಲಯಗಳಿಂದಲೂ ರಾಯ್ಖ್ಲಿನ್ ಮೊದಲಾದ ಕೆಲವರಿಂದಲೂ ಅಭಿಪ್ರಾಯವನ್ನು ಕೇಳಿದನು.

ರಾಯ್ಖ್ಲಿನನು ಆಗ ಸ್ವಾಬಿಯ ಒಕ್ಕೂಟದ ನ್ಯಾಯಾಧಿಪತಿ, ಐವತ್ತೈದು ವರುಷದವನು. ಲೋಕದ ರೀತಿಯಂತೆ ಹತ್ತು ಮಂದಿ ಹೇಳುವದನ್ನೇ ತಾನೂ ಹೇಳಿ ಸುಮ್ಮನಿರಬಹುದಾಗಿತ್ತು. ಆದರೆ ೧೫೧೦ರ ಅಕ್ಟೋಬರಿನಲ್ಲಿ ಈತನು ಕೊಟ್ಟ ಉತ್ತರವು ಬೇರೆ ವಿಧವಾಗಿತ್ತು. ಯೆಹೂದ್ಯರು ಸಾಮ್ರಾಜ್ಯದ ಪ್ರಜೆಗಳಾದ್ದರಿಂದ ಅವರ ಸೊತ್ತಿಗೂ ನ್ಯಾಯದ ರಕ್ಷಣೆಯುಂಟೆಂದು ತೋರಿಸಿದನು. ಅವರ ಪುಸ್ತಕಗಳನ್ನು ವರ್ಗವರ್ಗವಾಗಿ ವಿಂಗಡಿಸಿ, ದೇವದೂಷಣೆಯೆಂದು ವಿಚಾರಣೆಯಿಂದ ಸಿದ್ಧವಾದ ಒಂದೆರಡರ ಹೊರತು ಉಳಿದವುಗಳನ್ನು ಮುಟ್ಟಬಾರದೆಂದನು. ಅವರ ವ್ಯಾಖ್ಯಾನಗಳೂ ವ್ಯಾಕರಣಗಳೂ ಇಲ್ಲದೆ ಕ್ರೈಸ್ತರು ಹಳೆಯ ಒಡಂಬಡಿಕೆಯನ್ನು ಸರಿಯಾಗಿ ತಿಳಿಯಲಾರರೆಂದು ವಾದಿಸಿದನು. ಪುಸ್ತಕಗಳನ್ನು ಸುಡುವದರ ಬದಲು, ಜರ್ಮನಿಯ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲಿಯೂ ಹತ್ತು ವರುಷಗಳ ಪರ್ಯಂತರ ಇಬ್ಬಿಬ್ಬರು ಇಬ್ರಿಯ ಉಪಾಧ್ಯಾಯರನ್ನಿಡಬೇಕೆಂದು ಸೂಚಿಸಿದನು. ಕೇಳಲ್ಪಟ್ಟವರಲ್ಲಿ ಪುಸ್ತಕಗಳನ್ನು ಉಳಿಸಬೇಕೆಂದು ಸ್ಪಷ್ಟವಾಗಿ ಹೇಳಿದವನು ಈತನೊಬ್ಬನೇ.

ಈತನಲ್ಲಿ ಕುಂದಿರಲಿಲ್ಲವೆಂದು ನಾವು ಹೇಳುವದಿಲ್ಲ. ೧೫೦೫ರಲ್ಲಿ ಅಚ್ಚಾದ ಒಂದು ಜರ್ಮನ್ ಪತ್ರದಲ್ಲಿ, ಯೆಹೂದ್ಯರ ಸಂಕಟಕ್ಕೆ ಅವರ ಅಪರಾಧವೇ ಕಾರಣವೆಂದು ತನ್ನ ಕಾಲದ ಇತರರಂತೆಯೇ ಬರೆದಿದ್ದನು. ಐದು ವರುಷಗಳಲ್ಲಿ ಅದೇ ಮನುಷ್ಯನು ಅವರ ಪರವಾಗಿ ಒಬ್ಬಂಟಿಗನಾಗಿ ನಿಂತನು. ಹೃದಯವು ಬೆಳೆಯುವದಕ್ಕೆ ವಿದ್ಯೆಯೂ ಒಂದು ಸಾಧನವಾಗಬಲ್ಲದೆಂಬದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕೆ?

ಈ ಉತ್ತರದ ಫಲವಾಗಿ ಹತ್ತು ವರುಷಗಳ ಕಾಲ ಈತನಿಗೆ ನೆಮ್ಮದಿಯಿರಲಿಲ್ಲ. ಫೆಫರ್‌ಕಾರ್ನನು ೧೫೧೧ರಲ್ಲಿ ಈತನನ್ನು ಲಂಚ ತಿಂದವನೆಂದು ದೂಷಿಸಿ ಪುಸ್ತಕವನ್ನು ಅಚ್ಚುಹಾಕಿಸಿದನು. ರಾಯ್ಖ್ಲಿನನು ಅದೇ ವರುಷ ಕಣ್ಣಿನ ಕನ್ನಡಕವೆಂಬರ್ಥದ ಹೆಸರುಳ್ಳ ಪ್ರತ್ಯುತ್ತರವನ್ನು ಪ್ರಕಟಿಸಿದನು. ೧೫೧೩ರಲ್ಲಿ ಕೊಲೋನಿನ ದೊಮಿನಿಕ ಸಂನ್ಯಾಸಿಯೂ ಮ‍ತವಿಚಾರಣಾಧಿಕಾರಿಯೂ ಆದ ಹೋಖ್‌ಸ್ಟ್ರಾಟನ್ ಎಂಬವನು ಈತನನ್ನು ವಿಚಾರಣೆಗೆ ಕರೆಸಿದನು. ಹುಟ್ಟೂರಿನಲ್ಲಿ ಈತನ ತಂದೆಯು ಸೇವೆಮಾಡಿದ್ದು ಆ ಪಂಗಡದ ಮಠದಲ್ಲಿಯೇ. ಈತನು ತಾನೂ ಅನೇಕ ವರುಷ ಪ್ರತಿಫಲವಿಲ್ಲದೆ ಅದರ ನ್ಯಾಯದ ಕೆಲಸಗಳನ್ನು ನೋಡಿಕೊಂಡಿದ್ದನು. ೧೫೧೪ರಲ್ಲಿ ಸ್ಪೈಯರಿನಲ್ಲಿ ತೀರ್ಪು ಈತನ ಪಕ್ಷವಾಯಿತು. ಎದುರಾಳಿಗಳು ರೋಮಿಗೆ ಅಪೀಲು ಹೋದರು. ೧೫೧೬ರಲ್ಲಿ ಅಲ್ಲಿಯ ವಿಚಾರಕರೂ ಬಹುಮಟ್ಟಿಗೆ ಈತನ ಪಕ್ಷವನ್ನು ಹಿಡಿದಾಗ ಪೋಪನಾದ ಹತ್ತನೆಯ ಲಿಯೋ ವ್ಯವಹಾರವನ್ನು ತಡೆದಿಟ್ಟನು. ಕೊನೆಗೆ ೧೫೨೦ರಲ್ಲಿ, ಲೂಥರನ ಗದ್ದಲವು ಎದ್ದಿದ್ದ ಸಮಯದಲ್ಲಿ, ತೀರ್ಪು ರಾಯ್ಖ್ಲಿನನಿಗೆ ವಿರೋಧವಾಯಿತು. ಖರ್ಚೂ ಈತನ ತಲೆಯ ಮೇಲೆ ಬಿತ್ತು. ಈತನು ಸೋತನು, ಆದರೆ ಆ ಪುಸ್ತಕಗಳು ಸುಡಲ್ಪಡದೆ ಉಳಿದವು.

ಈ ಕಷ್ಟಗಳ ನಡುವೆಯೇ, ೧೫೧೮ರಲ್ಲಿ, ಇಬ್ರಿಯದ ಸ್ವರಭಾರ ಮತ್ತು ಬರವಣಿಗೆಯನ್ನು ಕುರಿತ ಇನ್ನೊಂದು ಗ್ರಂಥವು ಹಾಗೆನೌ ಪಟ್ಟಣದಲ್ಲಿ ಅಚ್ಚಾಯಿತು. ಮಸೋರೇತರು ಸ್ವರಚಿಹ್ನೆಗಳನ್ನಲ್ಲದೆ, ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಯಾವ ರಾಗದಲ್ಲಿ ಓದಬೇಕು ಎಂಬದಕ್ಕೂ ಗುರುತುಗಳನ್ನು ಇಟ್ಟಿದ್ದರು. ಆ ಗುರುತುಗಳನ್ನು ವಿವರಿಸಿದ ರಾಯ್ಖ್ಲಿನನ ಗ್ರಂಥದಲ್ಲಿ ಯೆಹೂದ್ಯರ ವೇದಪಠನದ ರಾಗವು ಸಂಗೀತಲಿಪಿಯಲ್ಲಿ ಕೊಡಲ್ಪಟ್ಟಿದೆ. ಬಾಲ್ಯದಲ್ಲಿ ಇಂಪಾದ ಕಂಠದಿಂದ ಹಾಡಿದ ಆ ಹುಡುಗನು ಮುಪ್ಪಿನಲ್ಲಿಯೂ ಭಾಷೆಯ ಧ್ವನಿಯನ್ನು ಆಲಿಸುವದನ್ನು ಬಿಡಲಿಲ್ಲ.

ರಾಯ್ಖ್ಲಿನನಿಗೆ ಎಲಿಸಬೇತಳೆಂಬ ಸಹೋದರಿಯಿದ್ದಳು. ಆಕೆಯ ಮೊಮ್ಮಗನು ಫಿಲಿಪ್ ಶ್ವಾರ್ಟ್ಸ್‌ಎರ್ಟ್. ಹುಡುಗನ ಜಾಣತನವನ್ನು ಕಂಡು ರಾಯ್ಖ್ಲಿನನು ಗ್ರೀಕ್ ವ್ಯಾಕರಣವನ್ನು ಕೊಟ್ಟು ಪ್ರೋತ್ಸಾಹಿಸಿದನು. ಕರಿಮಣ್ಣೆಂಬರ್ಥದ ಆ ಮನೆತನದ ಹೆಸರನ್ನು ಗ್ರೀಕಿಗೆ ತಿರುಗಿಸಿ ಮೆಲಾಂಕ್‌ತೋನನೆಂದು ಕರೆದನು. ೧೫೧೮ರಲ್ಲಿ ವಿಟ್ಟೆನ್‌ಬರ್ಗಿನ ಗ್ರೀಕ್ ಉಪಾಧ್ಯಾಯತ್ವಕ್ಕೆ ಆತನನ್ನು ಶಿಫಾರಸು ಮಾಡಿದವನೂ ಈತನೇ. ಅಲ್ಲಿ ಮೆಲಾಂಕ್‌ತೋನನು ಲೂಥರನ ಬಲಗೈಯಾದನು. ರಾಯ್ಖ್ಲಿನನಾದರೋ ರೋಮನ್ ಸಭೆಯಲ್ಲಿಯೇ ಉಳಿದನು. ಮೊಮ್ಮಗನಿಗೆ ಕೊಡಬೇಕೆಂದಿದ್ದ ತನ್ನ ಪುಸ್ತಕಭಂಡಾರವನ್ನು ಫೋರ್ಟ್ಸ್‌ಹೈಮಿಗೆ ಕೊಟ್ಟುಬಿಟ್ಟನು.

೧೫೧೯ರಲ್ಲಿ ಯುದ್ಧಕ್ಕೂ ವ್ಯಾಧಿಗೂ ಅಂಜಿ ಸ್ಟುಟ್‌ಗಾರ್ಟನ್ನು ಬಿಟ್ಟು ಇಂಗೋಲ್‌ಸ್ಟಾಟಿಗೆ ಹೋದನು. ಅಲ್ಲಿ ೧೫೨೦ರಲ್ಲಿ ಗ್ರೀಕ್ ಮತ್ತು ಇಬ್ರಿಯ ಭಾಷೆಗಳ ಉಪಾಧ್ಯಾಯನಾಗಿ ನೇಮಕವಾದಾಗ ಮುನ್ನೂರಕ್ಕಿಂತ ಹೆಚ್ಚು ಮಂದಿ ಪಾಠ ಕೇಳಲು ಬಂದರು. ಒಮ್ಮೆ ಒಬ್ಬ ಪೆಲ್ಲಿಕಾನನು ಬಂದು ಕೇಳಿದ ವಿದ್ಯೆಗೆ ಈಗ ಸಭಾಂಗಣವೇ ಸಾಲದಾಯಿತು. ೧೫೨೧ರಲ್ಲಿ ಟ್ಯೂಬಿಂಗೆನಿಗೆ ಕರೆಯಲ್ಪಟ್ಟು ಅಲ್ಲಿಯೂ ಕಲಿಸಿದನು. ೧೫೨೨ರ ಜೂನ್ ೩೦ರಂದು, ಅರವತ್ತೇಳನೆಯ ವಯಸ್ಸಿನಲ್ಲಿ, ಈ ಲೋಕವನ್ನು ಬಿಟ್ಟನು. ಸ್ಟುಟ್‌ಗಾರ್ಟಿನ ಸಂತ ಲಿಯೊನಾರ್ಡನ ದೇವಾಲಯದಲ್ಲಿ ಈತನ ಸಮಾಧಿಯಾಯಿತು.

ಈತನ ಪುಸ್ತಕದಿಂದ ಇಬ್ರಿಯವನ್ನು ಕಲಿತವರಲ್ಲಿ ಮಾರ್ಟಿನ್ ಲೂಥರನು ಒಬ್ಬನು. ೧೫೩೪ರಲ್ಲಿ ಪೂರ್ಣವಾದ ಆತನ ಜರ್ಮನ್ ಸತ್ಯವೇದದ ಹಿಂದೆ ಈ ಅಕ್ಷರಪಾಠವಿತ್ತು. ಸ್ವರಚಿಹ್ನೆಗಳು ಮೋಶೆಯ ಅಥವಾ ಎಜ್ರನ ಕಾಲದವುಗಳೆಂಬ ಭಾವನೆಯನ್ನು ೧೫೩೮ರಲ್ಲಿ ಎಲೀಯ ಲೇವಿತನೆಂಬ ಯೆಹೂದ್ಯ ಪಂಡಿತನು ಖಂಡಿಸಿ, ಅವು ಮಸೋರೇತರ ಕೆಲಸವೆಂದು ತೋರಿಸಿದನು. ಹೀಗೆ ವಿದ್ಯೆಯು ಮುಂದುವರಿಯಿತು. ರಾಯ್ಖ್ಲಿನನು ಕಡೆಯದಾಗಿ ಕಲಿಸಿದ ಆ ಟ್ಯೂಬಿಂಗೆನಿನಲ್ಲಿಯೇ ಮೂರು ಶತಮಾನಗಳ ತರುವಾಯ ದೇವಜ್ಞಾನವನ್ನೋದಿದ ಹೆರ್ಮನ್ ಮೊಗ್ಲಿಂಗನು ೧೮೩೬ರಲ್ಲಿ ಮಂಗಳೂರಿಗೆ ಬಂದು, ಕನ್ನಡವನ್ನು ಕನ್ನಡಿಗರ ಬಾಯಿಂದ ಕಲಿತು, ೧೮೪೩ರಲ್ಲಿ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದನು. ನಮಗೆ ದೊಡ್ಡ ಕನ್ನಡ ನಿಘಂಟನ್ನು ಕೊಟ್ಟ ಕಿಟ್ಟೆಲನು ೧೯೦೩ರಲ್ಲಿ ತೀರಿಹೋದದ್ದೂ ಅದೇ ಊರಿನಲ್ಲಿ. ಹೀಗೆ ಆ ದೂರದ ಪಟ್ಟಣವು ನಮಗೆ ಸಂಪೂರ್ಣ ಅನ್ಯವಾದದ್ದಲ್ಲ.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಚುಕ್ಕೆಗಳು ಧ್ವನಿಯನ್ನು ಕಾಪಾಡುತ್ತವೆ. ಆದರೆ ಧ್ವನಿಯನ್ನು ಹುಟ್ಟಿಸಲಾರವು. ಅದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬರಬೇಕು. ಆ ಬಾಯಿ ಯಾರದೆಂದು ಕುಲಗೋತ್ರವನ್ನು ವಿಚಾರಿಸುವವನಿಗೆ ವಿದ್ಯೆ ದೊರೆಯದು. ದೊರೆತ ಮೇಲೆ ಕಲಿಸಿದವರನ್ನು ಮರೆಯುವವನಿಗೆ ಅದು ಶೋಭಿಸದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಉಪಾಧ್ಯಾಯಿನಿಯರು. ತಮ್ಮ ನಾಲಿಗೆಯ ಹಕಾರವನ್ನೂ ಳಕಾರವನ್ನೂ ಮಹಾಪ್ರಾಣಗಳನ್ನೂ ಬೇಸರಪಡದೆ ಹತ್ತಾರು ಸಲ ತಿದ್ದಿದವರು ಯಾರೆಂದು ಅವರು ನೆನಸಿಕೊಳ್ಳಲಿ. ಸಾಯಂಕಾಲ ದೀಪದ ಬಳಿಯಲ್ಲಿ ಮಗುವು ಪುಸ್ತಕವನ್ನು ತೆರೆದು ತಪ್ಪಾಗಿ ಓದುವಾಗ, ತಂದೆತಾಯಿಗಳು ಪುಸ್ತಕವೇ ಕಲಿಸಲೆಂದು ಬಿಟ್ಟುಬಿಡದೆ, ಹತ್ತಿರ ಕುಳಿತು ಒಂದು ಸಾರಿ ಗಟ್ಟಿಯಾಗಿ ಓದಿ ಕೇಳಿಸಲಿ. ರಾಯ್ಖ್ಲಿನನು ಒಂದೊಂದು ತಾಸಿಗೆ ಒಂದೊಂದು ಚಿನ್ನದ ನಾಣ್ಯವನ್ನು ಕೊಟ್ಟು ಕೊಂಡುಕೊಂಡದ್ದು ಇದನ್ನೇ. ನಮ್ಮ ಮಕ್ಕಳಿಗೆ ನಾವು ಇದನ್ನು ಧರ್ಮಾರ್ಥವಾಗಿ ಕೊಡಬಹುದು.